ಆಯಿಶಾ, ಆಯೇಷಾ, ಐಸಮ್ಮ: ಒಂದು ಹೆಸರಿನ ಕಾಗುಣಿತ ಮತ್ತು ಉಚ್ಚಾರ

ಕಳೆದ ಶವ್ವಾಲ್ ತಿಂಗಳಲ್ಲಿ ಮದ್ರಸದ ಹೊಸ ಮಕ್ಕಳ ದಾಖಲಾತಿ ನಡೆಯುತ್ತಿತ್ತು. ಆರು ವರ್ಷದ ಬಾಲಕಿಯೊಬ್ಬಳನ್ನು ಕೈಹಿಡಿದು ಅವಳ ಅಜ್ಜಿ ಬಂದಿದ್ದರು. ಮಗುವಿನ ತಂದೆ ಗಲ್ಫಿನಲ್ಲಿ, ತಾಯಿ ಬಾಣಂತಿ. ಅಜ್ಜಿ ಚೀಲದಿಂದ ಕಾಗದಗಳನ್ನು ತೆಗೆದು ನಮ್ಮ ಮುಂದಿಟ್ಟರು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ‘ಆಯಿಷಾ’ ಎಂದಿತ್ತು. ಆಧಾರ್ ಕಾರ್ಡಿನಲ್ಲಿ ‘ಆಯೇಶಾ’. ಲಸಿಕೆಯ ಕಾರ್ಡಿನಲ್ಲಿ ‘ಐಶಾ’. ಮೂರು ಕಡೆಯೂ ಇಂಗ್ಲಿಷ್ ಅಕ್ಷರಗಳು ಬೇರೆ ಬೇರೆ. ನಿಜವಾದ ಹೆಸರು ಯಾವುದೆಂದು ಕೇಳಿದಾಗ ಅಜ್ಜಿ ನಗುತ್ತಾ, “ನನ್ನ ಹೆಸರನ್ನೇ ಇಟ್ಟದ್ದು ಉಸ್ತಾದರೇ, ಐಸಮ್ಮ” ಎಂದರು.

ನಾವು ಅರಬಿ ಕಲಿತವರು. ತಪ್ಪು ಕಿವಿಗೆ ಬಿದ್ದೊಡನೆ ತಿದ್ದುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. “ಐಸಮ್ಮ ಎಂಬ ಹೆಸರೇ ಇಲ್ಲ, ಅದು ಆಇಶ” ಎಂದು ನೆರೆದವರ ಎದುರಿಗೇ ಹೇಳಿಬಿಟ್ಟೆವು. ರಿಜಿಸ್ಟರಿನ ಪೋಷಕರ ಅಂಕಣದಲ್ಲೂ ‘ಆಯಿಶಾ’ ಎಂದೇ ಬರೆದೆವು. ಸ್ವಲ್ಪ ಹೊತ್ತಿನ ಬಳಿಕ ಸಹಿ ಹಾಕಲು ಆ ಹೆಸರಿನಿಂದ ಕೂಗಿದಾಗ ಅಜ್ಜಿ ಏಳಲಿಲ್ಲ. ಅದು ತಮ್ಮನ್ನು ಕರೆದದ್ದೆಂದು ಅವರಿಗೆ ತಿಳಿಯಲೇ ಇಲ್ಲ. ಮೊಮ್ಮಗಳು ಸೆರಗು ಎಳೆದ ಮೇಲೆ ಎದ್ದು ಬಂದರು. ಹೆಬ್ಬೆಟ್ಟು ಒತ್ತಿ, ಮೆಲ್ಲಗೆ ಒಂದು ಮಾತು ಕೇಳಿದರು: “ಹಾಗಾದರೆ ನಾಳೆ ಮಹ್ಶರದಲ್ಲಿ ನನ್ನನ್ನು ಯಾವ ಹೆಸರಿನಿಂದ ಕರೆಯುತ್ತಾರೆ?”

ಪುನರುತ್ಥಾನ ದಿನದಂದು ಜನರನ್ನು ಅವರ ಹೆಸರು ಮತ್ತು ಅವರ ತಂದೆಯ ಹೆಸರಿನಿಂದ ಕರೆಯಲಾಗುವುದು, ಆದ್ದರಿಂದ ಒಳ್ಳೆಯ ಹೆಸರುಗಳನ್ನಿಡಿರಿ ಎಂಬ ಆಶಯದ ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ಅದನ್ನು ಅದೇ ಮದ್ರಸದ ವಾರ್ಷಿಕ ಸಭೆಯಲ್ಲಿ ವಿವರಿಸಿದವರು ನಾವೇ. ಅಜ್ಜಿ ಅದನ್ನು ಮರೆತಿರಲಿಲ್ಲ. ಆ ದಿನ ನಮ್ಮ ಬಳಿ ಉತ್ತರವಿರಲಿಲ್ಲ. ಈ ಹೆಸರು ನಡೆದು ಬಂದ ದಾರಿಯನ್ನು ಹುಡುಕಿದ ಮೇಲೆ ದೊರೆತ ಉತ್ತರವನ್ನು ಓದುಗರ ಮುಂದಿಡುತ್ತಿದ್ದೇವೆ.

ಹೆಸರಿನ ಮೂಲ

ಅರಬಿಯಲ್ಲಿ ಈ ಹೆಸರನ್ನು ಐನ್, ಅಲಿಫ್, ಹಂಝ, ಶೀನ್ ಮತ್ತು ದುಂಡು ‘ತಾ’ ಅಂದರೆ ತಾ ಮರ್ಬೂತ ಸೇರಿಸಿ ಬರೆಯುತ್ತಾರೆ. ‘ಜೀವಿಸು’ ಎಂಬ ಅರ್ಥದ ಧಾತುವಿನಿಂದ ಬಂದ ಸ್ತ್ರೀಲಿಂಗ ರೂಪವಿದು. ಬಾಳುವವಳು, ಜೀವಂತಿಕೆಯುಳ್ಳವಳು ಎಂದು ಅರ್ಥ. ಕನ್ನಡದ ‘ಆಯುಷ್ಯ’ದೊಂದಿಗೆ ಧ್ವನಿಯೂ ಅರ್ಥವೂ ಹೊಂದುವಂತೆ ಕಂಡರೂ ಎರಡಕ್ಕೂ ನಂಟಿಲ್ಲ. ಅದು ಸಂಸ್ಕೃತ ಮೂಲದ್ದು, ಇದು ಅರಬಿ ಮೂಲದ್ದು. ಇದೇ ಧಾತುವಿನಿಂದ ಈಜಿಪ್ಟಿನ ಜನ ತಮ್ಮ ರೊಟ್ಟಿಯನ್ನು ‘ಐಶ್’ ಎನ್ನುತ್ತಾರೆ. ಗಲ್ಫಿನ ಆಡುಮಾತಿನಲ್ಲಿ ಅನ್ನವೇ ‘ಐಶ್’. ಬದುಕನ್ನು ಉಳಿಸುವುದೇ ಬದುಕೆಂಬ ಹೆಸರು ಪಡೆಯಿತು. ಆಫ್ರಿಕಾದ ಪೂರ್ವ ತೀರದ ಸ್ವಾಹಿಲಿಯಲ್ಲಿ ಬದುಕಿಗೆ ‘ಮೈಶಾ’ ಎನ್ನುವುದೂ ಇದೇ ಬೇರಿನಿಂದ.

ಈ ಹೆಸರಿಗೆ ಘನತೆ ಬಂದದ್ದು ಹಝ್ರತ್ ಅಬೂಬಕರ್(ರ)ರವರ ಪುತ್ರಿ, ವಿಶ್ವಾಸಿಗಳ ಮಾತೆ ಹಝ್ರತ್ ಆಯಿಶಾ(ರ)ರವರಿಂದ. ಅವರಿಂದ ವರದಿಯಾದ ಹದೀಸ್‌ಗಳ ಸಂಖ್ಯೆಯನ್ನು ವಿದ್ವಾಂಸರು 2,210 ಎಂದು ಎಣಿಸಿದ್ದಾರೆ. ಹಿಜರಿ 58ರಲ್ಲಿ, ಕ್ರಿಸ್ತಶಕ 678ರಲ್ಲಿ, ಮದೀನದಲ್ಲಿ ನಿಧನರಾಗುವವರೆಗೂ ಸಹಾಬಿಗಳು ಸಂಶಯ ಬಂದಾಗ ಅವರ ಬಾಗಿಲಿಗೆ ಹೋಗುತ್ತಿದ್ದರು. ಅವರ ಸಹೋದರಿಯ ಮಗಳಿಗೂ ಇದೇ ಹೆಸರು: ಆಯಿಶಾ ಬಿನ್ತ್ ತಲ್ಹಾ. ಆಕೆ ದೊಡ್ಡಮ್ಮನಿಂದಲೇ ವಿದ್ಯೆ ಪಡೆದವರು.

ಆ ಬಳಿಕ ಈ ಹೆಸರು ವಿದ್ಯೆಯ ಜೊತೆಗೇ ನಡೆದಂತೆ ಕಾಣುತ್ತದೆ. 1413ರಲ್ಲಿ ತೀರಿಕೊಂಡ ದಮಸ್ಕಸಿನ ಆಯಿಶಾ ಬಿನ್ತ್ ಮುಹಮ್ಮದ್ ಇಬ್ನ್ ಅಬ್ದುಲ್ ಹಾದಿಯವರು ಬುಖಾರಿ ಗ್ರಂಥದ ಪ್ರಸಿದ್ಧ ವ್ಯಾಖ್ಯಾನಕಾರರಾದ ಇಬ್ನ್ ಹಜರ್ ಅಸ್ಖಲಾನಿಯವರಿಗೆ ಗುರುವಾಗಿದ್ದರು. ಅದೇ ನಗರದ ಆಯಿಶಾ ಅಲ್ ಬಾಊನಿಯ್ಯಾ ಸೂಫಿ ಕವಯಿತ್ರಿ. ಅವರು 1517ರಲ್ಲಿ ನಿಧನರಾದರು. ನಮ್ಮ ಕಾಲಕ್ಕೆ ಹತ್ತಿರದವರೆಂದರೆ ‘ಬಿನ್ತುಶ್ಶಾತಿ’ ಎಂಬ ಕಾವ್ಯನಾಮದ ಕುರ್‌ಆನ್ ವ್ಯಾಖ್ಯಾನಕಾರ್ತಿ, ಈಜಿಪ್ಟಿನ ಆಯಿಶಾ ಅಬ್ದುರ್ರಹ್ಮಾನ್. ಅವರು ಬದುಕಿದ್ದು 1913ರಿಂದ 1998ರವರೆಗೆ. ಹೆಣ್ಣುಮಕ್ಕಳಿಗೆ ಈ ಹೆಸರನ್ನಿಡುವಾಗ ಅದರೊಂದಿಗೆ ಓದಿನ ಹಂಬಲವನ್ನೂ ಕೊಡುತ್ತೇವೆಂಬ ನೆನಪು ತಂದೆತಾಯಂದಿರಿಗಿರಲಿ.

ನಾಲಿಗೆಗಳ ನಡುವೆ

ಹೆಸರು ಅರೇಬಿಯಾದಿಂದ ಹೊರಟು ಹೋದಲ್ಲೆಲ್ಲ ಆಯಾ ನೆಲದ ನಾಲಿಗೆಗೆ ಬಾಗಿತು. ಟರ್ಕಿಯಲ್ಲಿ ಅದು ‘ಐಷೆ’. 1928ರಲ್ಲಿ ಅಲ್ಲಿ ಅರಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿ ಸ್ವೀಕರಿಸಿದಾಗ ‘ಶ’ ಧ್ವನಿಗಾಗಿ ‘ಎಸ್’ ಅಕ್ಷರದ ಕೆಳಗೆ ಒಂದು ಬಾಲ ಸೇರಿಸಿದರು. ಆ ಬಾಲವನ್ನು ಗಮನಿಸದ ಪರದೇಶಿಗರು ‘ಐಸೆ’ ಎಂದು ಓದುತ್ತಾರೆ. ಫಾತ್ಮ, ಐಷೆ, ಎಮಿನೆ, ಹತಿಜೆ ಇಂದಿಗೂ ಟರ್ಕಿಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸ್ತ್ರೀ ನಾಮಗಳ ಸಾಲಿನಲ್ಲಿವೆ. ಫಾತಿಮಾ, ಆಯಿಶಾ, ಆಮಿನಾ, ಖದೀಜಾ ಎಂಬ ನಮ್ಮ ಮನೆಯ ಹೆಸರುಗಳೇ ಅವು.

ಸೊಮಾಲಿಯಾದ ಕಥೆ ಇನ್ನೂ ವಿಚಿತ್ರ. 1972ರಲ್ಲಿ ಸೊಮಾಲಿ ಭಾಷೆಗೆ ಲ್ಯಾಟಿನ್ ಲಿಪಿಯನ್ನು ಅಧಿಕೃತಗೊಳಿಸಿದಾಗ, ಗಂಟಲಿನ ‘ಐನ್’ ಧ್ವನಿಗೆ ಸರಿಯಾದ ಅಕ್ಷರವಿರಲಿಲ್ಲ. ‘ಸಿ’ ಅಕ್ಷರವನ್ನೇ ಅದಕ್ಕೆ ಗೊತ್ತುಪಡಿಸಿದರು. ಹೀಗಾಗಿ ಸೊಮಾಲಿ ಆಯಿಶಾಳ ಹೆಸರು ‘ಸಿ’ಯಿಂದ ಆರಂಭವಾಗುತ್ತದೆ. ಇಂಗ್ಲಿಷ್ ಬಲ್ಲವರು ಅದನ್ನು ‘ಕಾಶಾ’ ಎಂದು ಓದಿಯಾರು. ನೋಡಲು ಅತ್ಯಂತ ಅಪರಿಚಿತವಾದ ಈ ಕಾಗುಣಿತವೇ ಮೂಲದ ಐನ್ ಧ್ವನಿಯನ್ನು ಉಳಿಸಿಕೊಂಡಿದೆ ಎಂಬುದು ಗಮನಾರ್ಹ. ಅದೇ 1972ರಲ್ಲಿ ಇಂಡೋನೇಷ್ಯಾ ತನ್ನ ಕಾಗುಣಿತವನ್ನು ಪರಿಷ್ಕರಿಸಿ, ಡಚ್ಚರ ಕಾಲದಿಂದ ‘ಎಸ್-ಜೆ’ ಎಂದು ಬರೆಯುತ್ತಿದ್ದ ‘ಶ’ವನ್ನು ‘ಎಸ್-ವೈ’ ಮಾಡಿತು. ತಾಯಿಯ ಹೆಸರು ಒಂದು ಬಗೆಯಲ್ಲಿ, ಮಗಳ ಹೆಸರು ಇನ್ನೊಂದು ಬಗೆಯಲ್ಲಿ ಬರೆಯಲ್ಪಟ್ಟಿತು. ಕೂಗುವ ಹೆಸರು ಮಾತ್ರ ಒಂದೇ ಆಗಿತ್ತು.

ಪಶ್ಚಿಮ ಆಫ್ರಿಕಾದ ಹೌಸಾ ಮತ್ತು ಫುಲಾನಿ ಜನರಲ್ಲಿ ‘ಆಇಶಾತು’, ‘ಆಯಿಸ್ಸಾತೂ’ ಎಂಬ ರೂಪಗಳಿವೆ. ಮಾಲ್ದೀವ್ಸ್‌ನಲ್ಲಿ ‘ಆಯಿಶತ್’ ಎನ್ನುತ್ತಾರೆ. ಈ ‘ತ’ ಎಲ್ಲಿಂದ ಬಂತು? ತಜ್ವೀದ್ ಕಲಿಯುವ ನಮ್ಮ ಮಕ್ಕಳು ಇದಕ್ಕೆ ಉತ್ತರ ಹೇಳಬಲ್ಲರು. ತಾ ಮರ್ಬೂತದ ಮೇಲೆ ನಿಂತರೆ ಅದು ‘ಹ’ ಆಗುತ್ತದೆ, ಮುಂದಿನ ಪದಕ್ಕೆ ಸೇರಿಸಿ ಓದಿದರೆ ‘ತ’ ಆಗುತ್ತದೆ. ನಾವು ನಿಲ್ಲುವ ರೂಪವನ್ನು ಎತ್ತಿಕೊಂಡೆವು, ಅವರು ಸೇರಿಸುವ ರೂಪವನ್ನು ಎತ್ತಿಕೊಂಡರು. ಎರಡೂ ಅರಬಿಯದೇ.

ಇನ್ನು ಅರಬರಾದರೂ ಒಂದೇ ಬಗೆಯಲ್ಲಿ ಉಚ್ಚರಿಸುತ್ತಿದ್ದರೇ ಎಂದು ನೋಡಿದರೆ, ಅಲ್ಲೂ ಹಾಗಿರಲಿಲ್ಲ. ಹಂಝವನ್ನು ಬಿಟ್ಟು ‘ಐಶ’ ಎನ್ನುವುದು ಅವರ ಆಡುಮಾತಿನಲ್ಲಿ ಹಳೆಯ ರೂಢಿ. 858ರಲ್ಲಿ ನಿಧನರಾದ ಇಬ್ನುಸ್ಸಿಕ್ಕೀತ್ ಎಂಬ ಭಾಷಾಪಂಡಿತರು ‘ಆಇಶ ಎನ್ನಬೇಕು, ಐಶ ಎನ್ನಬಾರದು’ ಎಂಬರ್ಥದಲ್ಲಿ ತಿದ್ದಿದ್ದನ್ನು ‘ಲಿಸಾನುಲ್ ಅರಬ್’ ನಿಘಂಟು ದಾಖಲಿಸಿದೆ. ಸಾವಿರದ ನೂರು ವರ್ಷಗಳ ಹಿಂದೆಯೇ ಒಬ್ಬರು ಉಸ್ತಾದರು ನಾವು ಅಂದು ಮಾಡಿದ ಕೆಲಸವನ್ನೇ ಮಾಡಿದ್ದರು. ಜನ ಇಂದಿಗೂ ‘ಐಶ’ ಎನ್ನುತ್ತಲೇ ಇದ್ದಾರೆ. ಅಜ್ಜಿಯ ಹೆಸರಿನ ಮೊದಲಕ್ಷರವಾದ ‘ಐ’ ಅರಬರ ಅಂಗಳದಲ್ಲೂ ಇತ್ತೆಂಬುದನ್ನು ತಿಳಿದಾಗ ನಮಗೆ ನಾಚಿಕೆಯಾಯಿತು.

ಕಿತ್ತುಕೊಂಡ ಕಾಲ

ನಾಲಿಗೆಗೆ ಬಾಗಿದ ಹೆಸರು ಒಂದು ಬಗೆಯದು. ಬಲವಂತವಾಗಿ ಕಿತ್ತುಕೊಂಡ ಹೆಸರು ಇನ್ನೊಂದು ಬಗೆಯದು. ಎರಡನ್ನೂ ಬೆರೆಸಬಾರದು.

1492ರ ಜನವರಿ 2ರಂದು ಗ್ರಾನಡಾ ನಗರ ಕ್ರೈಸ್ತ ದೊರೆಗಳ ವಶವಾಯಿತು. ಅಲ್ಲಿನ ಕೊನೆಯ ಸುಲ್ತಾನನ ತಾಯಿಯನ್ನು ಸ್ಪೇನಿನ ಜನಪರಂಪರೆ ಆಯಿಶಾ ಎಂಬ ಹೆಸರಿನಿಂದಲೇ ನೆನೆಯುತ್ತದೆ. ನಗರದ ಅಲ್ಬೈಸಿನ್ ದಿಣ್ಣೆಯ ಮೇಲೆ ಆಕೆಯದೆಂದು ಹೇಳಲಾಗುವ ‘ದಾರುಲ್ ಹುರ್ರಾ’ ಎಂಬ ಮನೆ ಇಂದಿಗೂ ನಿಂತಿದೆ. ಅಂದಿನ ಸ್ಪ್ಯಾನಿಷ್ ಬರಹದಲ್ಲಿ ‘ಶ’ ಧ್ವನಿಗೆ ‘ಎಕ್ಸ್’ ಅಕ್ಷರವನ್ನು ಬಳಸುತ್ತಿದ್ದರು. ಹಾಗಾಗಿ ಆಕೆಯ ಹೆಸರನ್ನು ಎ, ಐ, ಎಕ್ಸ್, ಎ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆದರು. ಓದುತ್ತಿದ್ದುದು ‘ಐಶಾ’ ಎಂದೇ.

ಗ್ರಾನಡಾದ ಮುಸ್ಲಿಮರನ್ನು ಮತಾಂತರಿಸಲಾಯಿತು. 1567ರಲ್ಲಿ ಎರಡನೇ ಫಿಲಿಪ್ ದೊರೆಯ ಶಾಸನ ಅರಬಿ ಭಾಷೆಯನ್ನೂ ಅವರ ಉಡುಪನ್ನೂ ಸ್ನಾನಗೃಹಗಳನ್ನೂ ಅರಬಿ ಹೆಸರುಗಳನ್ನೂ ನಿಷೇಧಿಸಿತು. ಮಗುವನ್ನು ಆಯಿಶಾ ಎಂದು ಕರೆಯುವುದೇ ಅಪರಾಧವಾಯಿತು. ಮರುವರ್ಷ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದಂಗೆ ಎದ್ದಿತು. ಅದನ್ನು ಹತ್ತಿಕ್ಕಲಾಯಿತು. 1609ರಿಂದ 1614ರ ನಡುವೆ ಉಳಿದವರನ್ನು ದೇಶದಿಂದಲೇ ಹೊರಗಟ್ಟಲಾಯಿತು.

ಜನ ಹೋದರು. ಆದರೆ ಆ ನಾಲ್ಕಕ್ಷರದ ಕಾಗುಣಿತ ಉಳಿಯಿತು. ಕಾಲಾಂತರದಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ‘ಎಕ್ಸ್’ನ ಉಚ್ಚಾರ ಬದಲಾಯಿತು. ಹೀಗಾಗಿ ಇಂದು ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದಲ್ಲಿ ಈ ಹೆಸರನ್ನು ಹೊತ್ತ ಹೆಣ್ಣುಮಕ್ಕಳನ್ನು ಕೆಲವರು ‘ಐಶಾ’ ಎಂದೂ ಹಲವರು ‘ಐಕ್ಸಾ’ ಎಂದೂ ಕರೆಯುತ್ತಾರೆ. ನಿಷೇಧಿಸಲ್ಪಟ್ಟ ಹೆಸರೊಂದು ಅಪರಿಚಿತ ಕಾಗುಣಿತದ ಮರೆಯಲ್ಲಿ ನಾಲ್ಕು ಶತಮಾನ ದಾಟಿ ಬಂದಿದೆ.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. 1984-85ರ ಚಳಿಗಾಲದಲ್ಲಿ ಬಲ್ಗೇರಿಯಾದ ಕಮ್ಯುನಿಸ್ಟ್ ಸರಕಾರ ತನ್ನ ದೇಶದ ಲಕ್ಷಾಂತರ ತುರ್ಕಿ ಮುಸ್ಲಿಮರ ಹೆಸರುಗಳನ್ನು ಬಲವಂತವಾಗಿ ಸ್ಲಾವಿಕ್ ಹೆಸರುಗಳಿಗೆ ಬದಲಾಯಿಸಿತು. ಐಷೆ ಎಂಬುವಳು ಒಂದು ಬೆಳಿಗ್ಗೆ ಬೇರೊಬ್ಬಳಾಗಬೇಕಾಯಿತು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಟರ್ಕಿಗೆ ವಲಸೆ ಹೋದರು. ಆ ಸರಕಾರ ಬಿದ್ದ ಬಳಿಕ, 1990ರಲ್ಲಿ, ಹಳೆಯ ಹೆಸರನ್ನು ಮರಳಿ ಪಡೆಯಲು ಕಾನೂನು ಬಂತು. ಹೆಸರು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಕಳೆದುಕೊಂಡವರಿಂದ ಕೇಳಬೇಕು.

ತತ್ಸಮವೂ ತದ್ಭವವೂ

ನಮ್ಮ ಕರಾವಳಿಗೆ ಬರೋಣ. ಬ್ಯಾರಿ ಮನೆಗಳಲ್ಲಿ ಖದೀಜಾ ‘ಕದೀಜಮ್ಮ’ ಆದಳು, ಫಾತಿಮಾ ‘ಪಾತುಮ್ಮ’ ಆದಳು, ಆಯಿಶಾ ‘ಐಸಮ್ಮ’ ಆದಳು. ದಖ್ಖನಿ ಉರ್ದು ಮಾತನಾಡುವ ಮನೆಗಳಲ್ಲಿ ‘ಆಯೇಶಾ’, ‘ಆಯೇಶಾಬಿ’ ಎಂದಾಯಿತು. ಅರಬಿಯ ಶೀನ್‌ಗೆ ಹತ್ತಿರದ್ದು ತಾಲವ್ಯ ‘ಶ’ವೇ ಹೊರತು ಮೂರ್ಧನ್ಯ ‘ಷ’ವಲ್ಲ. ಆದರೂ ಮುದ್ರಣದಲ್ಲಿ ‘ಆಯಿಷಾ’ ರೂಢಿಯಾಗಿದೆ.

ಬಿ.ಎ. ತರಗತಿಯಲ್ಲಿ ಕನ್ನಡ ವ್ಯಾಕರಣ ಓದುವಾಗ ನಾವು ತತ್ಸಮ-ತದ್ಭವಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆವು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವನ್ನೇ ಇರಿಸಿ, ಹೊರಗಿನ ಪದಗಳು ಕನ್ನಡಕ್ಕೆ ಹೇಗೆ ಒಗ್ಗುತ್ತವೆ ಎಂಬುದಕ್ಕೆ ನಿಯಮಗಳನ್ನು ಹೇಳಿದ್ದಾನೆ. ಆಕಾಶ ‘ಆಗಸ’ವಾಗುತ್ತದೆ, ಶಶಿ ‘ಸಸಿ’ಯಾಗುತ್ತದೆ. ಆಗಸ ಎಂದವನನ್ನು ತಪ್ಪು ಹೇಳಿದವನೆಂದು ಯಾವ ಕನ್ನಡ ಮೇಷ್ಟ್ರೂ ಗದರುವುದಿಲ್ಲ. ಅದೇ ದಾರಿಯಲ್ಲಿ ಶೀನ್ ‘ಸ’ ಆಯಿತು. ನಮ್ಮ ಕಡೆಯವರು ಗೌರವಕ್ಕಾಗಿ ‘ಅಮ್ಮ’ ಸೇರಿಸಿದರು. ವಿಶ್ವಾಸಿಗಳ ಮಾತೆಯ ಹೆಸರಿಗೆ ಅಮ್ಮ ಎಂಬ ಪದ ಅಂಟಿಕೊಂಡದ್ದು ಅಪಚಾರವಾದೀತೇ? ಐಸಮ್ಮ ಎಂಬುದು ಕೆಟ್ಟುಹೋದ ಅರಬಿಯಲ್ಲ, ನಮ್ಮ ನೆಲದಲ್ಲಿ ಬೇರುಬಿಟ್ಟ ತದ್ಭವ.

ಇಂತಹ ಸಂದರ್ಭದಲ್ಲಿ ಹಝ್ರತ್ ಬಿಲಾಲ್(ರ)ರವರು ಶೀನನ್ನು ಸೀನ್ ಎನ್ನುತ್ತಿದ್ದರೆಂಬ ಕಥೆಯನ್ನು ಹೇಳುವವರಿದ್ದಾರೆ. ಅದಕ್ಕೆ ಆಧಾರವಿಲ್ಲವೆಂದು ಇಬ್ನ್ ಕಸೀರ್ ಮೊದಲಾದ ವಿದ್ವಾಂಸರು ಹೇಳಿರುವುದರಿಂದ ನಾವು ಅದನ್ನು ಆಶ್ರಯಿಸುವುದಿಲ್ಲ. ಅದರ ಅಗತ್ಯವೂ ಇಲ್ಲ. ಕುರ್‌ಆನನ್ನು ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆ ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದನ್ನು ವರದಿ ಮಾಡಿದವರು ಬೇರಾರೂ ಅಲ್ಲ, ಹಝ್ರತ್ ಆಯಿಶಾ(ರ)ರವರೇ.

ಎಲ್ಲಿ ಎಚ್ಚರ ಬೇಕು?

ಹಾಗೆಂದು ಕಾಗುಣಿತ ಹೇಗಿದ್ದರೂ ಸರಿ ಎನ್ನುವಂತಿಲ್ಲ. ಕನ್ನಡದಲ್ಲಿ ‘ಆಸಿಯಾ’ ಎಂದು ಬರೆಯುವ ಹೆಸರನ್ನು ನೋಡಿ. ಅಲಿಫ್ ಮತ್ತು ಸೀನ್‌ನಿಂದ ಬರೆದರೆ ಅದು ಫಿರ್‌ಔನನ ಪತ್ನಿ, ಮಹಾ ವಿಶ್ವಾಸಿನಿಯ ಹೆಸರು. ಐನ್ ಮತ್ತು ಸ್ವಾದ್‌ನಿಂದ ಬರೆದರೆ ‘ಆಜ್ಞೆ ಮೀರಿದವಳು’ ಎಂದರ್ಥ. ಈ ಎರಡನೆಯ ಹೆಸರಿದ್ದ ಮಹಿಳೆಗೆ ಪ್ರವಾದಿ(ಸ) ‘ಜಮೀಲಾ’ ಎಂದು ಹೆಸರು ಬದಲಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕನ್ನಡ ಲಿಪಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಆದ್ದರಿಂದ ಹೆಸರಿಡುವ ಮುನ್ನ ಬಲ್ಲವರಿಂದ ಅದನ್ನು ಅರಬಿಯಲ್ಲಿ ಬರೆಸಿ, ಅರ್ಥ ತಿಳಿದು, ಆ ಮೇಲೆ ಕನ್ನಡಕ್ಕೆ ತನ್ನಿರಿ.

ಎರಡನೆಯ ಎಚ್ಚರ ಕಾಗದಪತ್ರಗಳದ್ದು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಮುಂತಾದವುಗಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆ ಜನನ ಪ್ರಮಾಣಪತ್ರವೇ. ಅದರಲ್ಲಿ ಬಿದ್ದ ಅಕ್ಷರ ಮಗುವನ್ನು ಜೀವನವಿಡೀ ಹಿಂಬಾಲಿಸುತ್ತದೆ. ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ಬಾಯಿಮಾತಿನಲ್ಲಿ ಹೆಸರು ಹೇಳಿ ಬರಬೇಡಿ. ಮನೆಯಲ್ಲೇ ಕುಳಿತು ಕನ್ನಡದ ಒಂದು ಕಾಗುಣಿತ, ಇಂಗ್ಲಿಷಿನ ಒಂದು ಕಾಗುಣಿತ ನಿಶ್ಚಯಿಸಿ, ಕಾಗದದಲ್ಲಿ ಬರೆದು ಕೊಡಿರಿ. ಮುಂದೆ ಎಲ್ಲ ಕಡೆಯೂ ಅದನ್ನೇ ಉಳಿಸಿಕೊಳ್ಳಿರಿ. ಅದೃಷ್ಟಕ್ಕೆಂದು ಒಂದು ‘ಎ’ ಹೆಚ್ಚು, ಒಂದು ‘ಎಚ್’ ಹೆಚ್ಚು ಸೇರಿಸುವ ಸಂಖ್ಯಾಶಾಸ್ತ್ರದ ಗೀಳು ನಮಗೆ ಸಲ್ಲದು. ಅದು ವಿಶ್ವಾಸಕ್ಕೂ ಹಾನಿ, ದಾಖಲೆಗೂ ಹಾನಿ.

ಈ ಹೆಸರು ಎಷ್ಟು ಜನಪ್ರಿಯ ಎಂಬ ಪ್ರಶ್ನೆಗೂ ಕಾಗುಣಿತವೇ ಅಡ್ಡ ಬರುತ್ತದೆ. ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಸರಕಾರ ಪ್ರತಿವರ್ಷ ಮಕ್ಕಳ ಹೆಸರುಗಳ ಪಟ್ಟಿ ಪ್ರಕಟಿಸುತ್ತದೆ. ಅಲ್ಲಿ ಪ್ರತಿಯೊಂದು ಕಾಗುಣಿತವನ್ನೂ ಬೇರೆ ಹೆಸರೆಂದೇ ಎಣಿಸುವುದರಿಂದ ಒಬ್ಬ ಆಯಿಶಾ ನಾಲ್ಕೈದು ಸ್ಥಾನಗಳಲ್ಲಿ ಹಂಚಿಹೋಗುತ್ತಾಳೆ. ಪಟ್ಟಿಯಲ್ಲಿ ಕೆಳಗೆ ಕಂಡರೂ ಅಂಗಳದಲ್ಲಿ ಕೂಗಿದರೆ ಓಗೊಡುವವರು ಹೆಚ್ಚು.

ಅಜ್ಜಿಯ ಪ್ರಶ್ನೆಗೆ

ಮೊನ್ನೆ ಮೊಮ್ಮಗಳನ್ನು ಕರೆದೊಯ್ಯಲು ಅಜ್ಜಿ ಬಂದಾಗ ನಾವು ಅವರನ್ನು ಕೂರಿಸಿ, ಅಂದಿನ ಮಾತಿಗಾಗಿ ಕ್ಷಮೆ ಕೇಳಿದೆವು. ಬಳಿಕ ಬುಖಾರಿಯಲ್ಲಿರುವ ಒಂದು ಘಟನೆಯನ್ನು ಹೇಳಿದೆವು. ಜಿಬ್ರೀಲ್(ಅ) ಸಲಾಂ ಹೇಳಿದ್ದಾರೆಂಬ ಸುದ್ದಿಯನ್ನು ಪತ್ನಿಗೆ ತಿಳಿಸುವಾಗ ಪ್ರವಾದಿ(ಸ) ಆಕೆಯನ್ನು ಪೂರ್ಣ ಹೆಸರಿನಿಂದ ಕರೆಯಲಿಲ್ಲ. ಕೊನೆಯ ಅಕ್ಷರವನ್ನು ಬಿಟ್ಟು ಪ್ರೀತಿಯಿಂದ ‘ಆಇಶ್’ ಎಂದು ಕರೆದರು. ಆಕಾಶದಿಂದ ಬಂದ ಸಲಾಂ ಭೂಮಿಯಲ್ಲಿ ಒಂದು ಮುದ್ದಿನ ಹೆಸರಿಗೆ ತಲುಪಿತು. ನಿಮ್ಮ ನಾಲಿಗೆಗಳ ಭಿನ್ನತೆಯೂ ತನ್ನ ಕುರುಹುಗಳಲ್ಲೊಂದೆಂದು ಸೂರಃ ರೂಮ್‌ನಲ್ಲಿ ಹೇಳಿದ ಅಲ್ಲಾಹನು, ತಾಯಿ ಕೂಗಿದ ಹೆಸರನ್ನು ಅರಿಯದವನಲ್ಲ ಎಂದೆವು.

ಅಜ್ಜಿ ಬಹಳ ಹೊತ್ತು ಏನೂ ಹೇಳಲಿಲ್ಲ. ಏಳುವಾಗ, “ಆದರೂ ಮಗುವಿಗೆ ಸರಿಯಾಗಿಯೇ ಕಲಿಸಿಕೊಡಿ ಉಸ್ತಾದರೇ” ಎಂದರು. ಅದನ್ನು ಕಲಿಸುತ್ತಿದ್ದೇವೆ. ಐನ್ ಅಕ್ಷರವನ್ನು ಗಂಟಲಿನಿಂದ ಹೊರಡಿಸಲು ಅವಳು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕಲಿತಳು. ರಿಜಿಸ್ಟರಿನ ಪೋಷಕರ ಅಂಕಣದಲ್ಲಿ ನಾವು ಬರೆದದ್ದನ್ನು ಹೊಡೆದು, ಅವರ ಮತದಾರರ ಚೀಟಿಯಲ್ಲಿದ್ದಂತೆ ‘ಐಸಮ್ಮ’ ಎಂದು ತಿದ್ದಿದ್ದೇವೆ.